ಗ್ರೀಸ್ ಡಬ್ಬದ ಜೊತೆ ಬಂದ ಚಾಕು

ಬ್ರೇಕ್ ಮೇಸ್ತ್ರಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಬೀಡಿ ಸಿಗರೇಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇದ್ದದ್ದು ಒಂದೇ ಚಟ, ಮಡಚುವ ಚಾಕು. ಅಂಗಡಿಯ ಗಾಜಿನ ಹಿಂದೆ ಒಂದು ಹೊಸ ಚಾಕು ಕಂಡರೆ ಸಾಕು, ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಗಂಭೀರ ಮನುಷ್ಯ ಮಿಠಾಯಿ ಕಂಡ ಮಗುವಾಗಿಬಿಡುತ್ತಿದ್ದ. ಆ ಪ್ರೀತಿ ವಾರ ಕಳೆಯುವುದರೊಳಗೆ ಮುರಿದುಬೀಳುತ್ತಿತ್ತು, ಅದು ಬೇರೆ ಮಾತು.

ಅವನ ಬಿಸ್ಕತ್ತಿನ ಹಳೇ ಡಬ್ಬದಲ್ಲಿ ಅಂಥ ಏಳು ಚಾಕುಗಳಿದ್ದವು. ಒಂದಕ್ಕೆ ಹದಿನಾಲ್ಕು ಅಂಗ. ಕತ್ತರಿ, ಗರಗಸ, ತಿರುಪುಳಿ, ಕೊನೆಗೆ ಹಲ್ಲುಕಡ್ಡಿ ಕೂಡ ಇತ್ತು. ಆದರೆ ಅದರಲ್ಲಿ ಈರುಳ್ಳಿ ಹೆಚ್ಚಲು ಹೋದರೆ ಈರುಳ್ಳಿ ಜಜ್ಜಿಹೋಗುತ್ತಿತ್ತು. ಇನ್ನೊಂದರ ಅಲಗಿನ ಮೇಲೆ 'ತುಕ್ಕು ಹಿಡಿಯುವುದಿಲ್ಲ' ಎಂದು ಕೆತ್ತಿದ್ದರು. ತುಕ್ಕು ಆ ಅಕ್ಷರಗಳಿಂದಲೇ ಶುರುವಾಯಿತು. ಮತ್ತೊಂದರಲ್ಲಿ ಅಲೆ ಅಲೆಯಾದ ಚಿತ್ತಾರ, ನೂರು ಸಲ ಬಡಿದ ಉಕ್ಕು ಎಂದು ಅಂಗಡಿಯವನು ಆಣೆ ಇಟ್ಟು ಹೇಳಿದ್ದ. ಸೀಮೆಎಣ್ಣೆಯಲ್ಲಿ ಒರೆಸಿದ ಕೂಡಲೇ ಅಲೆಗಳೆಲ್ಲ ಬಟ್ಟೆಗೆ ಬಂದವು. ಕೊಂಬಿನ ಹಿಡಿಯದು ಭಾವಮೈದ ಕೊಟ್ಟದ್ದು. ಅದನ್ನು ತೆರೆಯಲು ಎರಡೂ ಹೆಬ್ಬೆರಳು ಬೇಕು, ಮುಚ್ಚಿಕೊಳ್ಳಲು ಮಾತ್ರ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮೇಸ್ತ್ರಿಯ ತೋರುಬೆರಳಿನ ಮೇಲೆ ಅದರ ಗುರುತು ಇವತ್ತಿಗೂ ಇದೆ. ಮಗಳು ಆ ಡಬ್ಬಕ್ಕೆ 'ಅಪ್ಪನ ಅನಾಥಾಶ್ರಮ' ಎಂದು ಹೆಸರಿಟ್ಟಿದ್ದಳು.

ಹೆಂಡತಿಯ ಬಳಿ ಇದ್ದದ್ದು ಒಂದೇ ಚಾಕು. ಅವಳು ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವವಳು, ಅಲ್ಲಿ ಎಲ್ಲರಿಗೂ ಕಸಿಯಕ್ಕ. ಇಪ್ಪತ್ತೆರಡು ವರ್ಷ ಅದೇ ಚಾಕುವಿನಲ್ಲಿ ಕೆಲಸ ಮಾಡಿದ್ದಳು. ಮರದ ಹಿಡಿ ಅವಳ ಅಂಗೈಗೆ ತಕ್ಕಂತೆ ಸವೆದಿತ್ತು, ಅಲಗು ಅರ್ಧ ಕರಗಿತ್ತು. ಮಸೆಯುವುದೂ ಅವಳೇ, ಒರೆಸಿಡುವುದೂ ಅವಳೇ. ಕೆಲಸವಿಲ್ಲದ ದಿನ ಅದು ಎಣ್ಣೆ ಸವರಿಸಿಕೊಂಡು ಬಟ್ಟೆಯಲ್ಲಿ ಸುತ್ತಿಸಿಕೊಂಡು ಬೀರುವಿನ ಮೇಲಿನ ಅರೆಯಲ್ಲಿ ಮಲಗಿರುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಇನ್ನು ನಿಂಬೆಮರದ ಮಾತು. ಡಿಪೋದ ವರ್ಕ್‌ಶಾಪಿನ ಹಿಂದೆ ಇದ್ದ ಆ ಮರವನ್ನು ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಹಣ್ಣು ಮಾತ್ರ ವರ್ಷವಿಡೀ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್‌ಗಳೆಲ್ಲ ಒಂದೊಂದು ಹಣ್ಣು ಹೆಚ್ಚಿ, ಹೋಳಿನಿಂದ ಕೈಯ ಗ್ರೀಸನ್ನು ಉಜ್ಜಿ ತೊಳೆಯುತ್ತಿದ್ದರು. ಡ್ರೈವರ್‌ಗಳು ವಾಂತಿ ಬರುವ ಪ್ರಯಾಣಿಕರಿಗೆಂದು ಜೇಬಿನಲ್ಲಿ ಒಂದು ಇಟ್ಟುಕೊಂಡು ಹೊರಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕಸಿಯಕ್ಕ ಗಂಡನ ಕೈ ಮೂಸಿ, "ಬಸ್ ರಿಪೇರಿ ಮಾಡೋರು ಅಂತ ಹೇಳಿದ್ರು, ಇದೇನು ಶರಬತ್ ಅಂಗಡಿ?" ಎಂದಿದ್ದಳು. ಆ ಮಾತನ್ನು ಮೇಸ್ತ್ರಿ ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ.

ಅಂಥ ಮರವನ್ನು ಬೀಳಿಸಿದವನು ಅವನೇ. ಹೆಂಡತಿ ಅಕ್ಕನ ಮನೆಗೆ ಹೋಗಿದ್ದ ದಿನ, ಒಂದು ಬಸ್ಸಿನ ಹ್ಯಾಂಡ್‌ಬ್ರೇಕ್ ಬಿಚ್ಚಿಟ್ಟು, ಚಕ್ರದ ಹಿಂದೆ ಮರದ ತುಂಡು ಇಡುವುದನ್ನು ಮರೆತು ಚಹಾ ಕುಡಿಯಲು ಹೋದ. ಇಪ್ಪತ್ತಾರು ವರ್ಷದಲ್ಲಿ ಒಂದೇ ಸಲ ಮರೆತದ್ದು. ಬಸ್ಸು ಯಾವ ಅವಸರವೂ ಇಲ್ಲದೆ ಹಿಂದಕ್ಕೆ ಸರಿದು, ಮರಕ್ಕೆ ಒರಗಿ, ಅದನ್ನು ಬುಡದಲ್ಲೇ ಮುರಿದುಹಾಕಿತು. ಮರುದಿನ ಡಿಪೋ ಸಾಹೇಬರು ಜಾಗ ತೆರವು ಮಾಡಿಸಿ, ಬೇರು ಸಮೇತ ಕೀಳಿಸಿ ಸಾಗಿಸಿಬಿಟ್ಟರು. ಯಾರೂ ಮೇಸ್ತ್ರಿಯನ್ನು ಬಯ್ಯಲಿಲ್ಲ. ಸಂಜೆ ಎಲ್ಲರೂ ನಲ್ಲಿಯ ಹತ್ತಿರ ಸಾಲಾಗಿ ನಿಂತು, ಸೋಪಿನ ಪುಡಿಯಲ್ಲಿ ಕೈ ತಿಕ್ಕಿಕೊಂಡು, ಮಾತಿಲ್ಲದೆ ಮನೆಗೆ ಹೋದರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ಬೀಜ ಹಾಕಿ ಬೆಳೆಸೋಣವೆಂದರೆ ಆಗದು. ಹಿಂದೊಮ್ಮೆ ಹಾಕಿ ನೋಡಿದ್ದರು, ಮೈತುಂಬ ಮುಳ್ಳಿನ, ರಸವಿಲ್ಲದ ಗಿಡ ಬಂದಿತ್ತು. ಅದೇ ಮರ ಬೇಕೆಂದರೆ ಅದರ ಕಡ್ಡಿಯಿಂದ ಕಸಿ ಕಟ್ಟಬೇಕು, ಬೇರೆ ದಾರಿಯಿಲ್ಲ. ಅಷ್ಟು ಮೇಸ್ತ್ರಿಗೂ ಗೊತ್ತಿತ್ತು. ಮರ ಸಾಗಿಸುವ ಮೊದಲೇ ಒಂದು ಹಿಡಿ ಕಡ್ಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದಿಟ್ಟಿದ್ದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಪ್ಪು ಮಾಡಿದ ಗಂಡಸು ಸುಮ್ಮನಿರುವುದುಂಟೇ? ಹೆಂಡತಿ ಬಂದ ಕೂಡಲೇ ಕಸಿ ಕಟ್ಟಲಿ, ಅವಳಿಗೆ ಮಸೆಯುವ ಕಷ್ಟವೂ ಬೇಡ ಎಂದು ಬೀರುವಿನಿಂದ ಆ ಚಾಕು ತೆಗೆದ. ಡಿಪೋಕ್ಕೆ ಒಯ್ದು, ಕಿಡಿ ಹಾರಿಸುವ ಗ್ರೈಂಡರಿಗೆ ಹಿಡಿದು, ಕನ್ನಡಿಯ ಹಾಗೆ ಹೊಳೆಯಿಸಿ ತಂದ.

ಮರುದಿನ ಮಧ್ಯಾಹ್ನ ಹೆಂಡತಿ ಬಂದಳು. ಮರದ ಸುದ್ದಿ ಕೇಳಿ ಕೈಚೀಲ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ಗೋಣಿ ಬಿಚ್ಚಿದಳು.

"ಎಲೆ ಯಾಕೆ ಬಿಟ್ಟಿದೀರಿ? ಕತ್ತರಿಸಿ ಇಡಬೇಕಿತ್ತು. ಕಡ್ಡೀಲಿರೋ ನೀರನ್ನೆಲ್ಲ ಎಲೆ ಹೀರಿಬಿಡತ್ತೆ."

"ಗೊತ್ತಾಗಲಿಲ್ಲ ಕಣೇ."

ಅವಳು ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಇನ್ನೂ ಜೀವ ಇದೆ. ಇವತ್ತೇ ಕಟ್ಟಿದ್ರೆ ಆಯ್ತು, ನಾಳೆಗೆ ಇದು ಸೌದೆ. ಸಸಿ ಇದಾವೆ, ಚಾಕು ತನ್ನಿ."

ಹಿತ್ತಿಲಿನಲ್ಲಿ ಅವಳು ಬೆಳೆಸಿದ್ದ ಒಂಬತ್ತು ಕಾಡುನಿಂಬೆ ಸಸಿಗಳಿದ್ದವು, ಪೆನ್ಸಿಲಿನಷ್ಟು ದಪ್ಪ. ಮೇಸ್ತ್ರಿ ಚಾಕುವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ, ಬಹುಮಾನ ಕೊಡುವವನ ಹಾಗೆ. ಅವಳು ಬಿಚ್ಚಿದಳು. ಅಲಗಿನ ಒಂದು ಬದಿ ನೋಡಿದಳು, ತಿರುಗಿಸಿ ಇನ್ನೊಂದು ಬದಿ ನೋಡಿದಳು.

"ಎರಡೂ ಕಡೆ ಹಿಡಿದಿದೀರಾ?"

"ಹೂಂ. ಒಂದೇ ಕಡೆ ಮಸೆದಿದ್ದೆ ನೀನು, ಇನ್ನೊಂದು ಕಡೆ ಮುಟ್ಟೇ ಇರಲಿಲ್ಲ. ಪಾಪ, ಪುರುಸೊತ್ತಾಗಿಲ್ಲ ಅಂತ ನಾನೇ..."

ಅವಳು ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. "ಅದು ಹಾಗೇ ಇರಬೇಕಿತ್ತು ರೀ."

ಕಸಿಯ ಚಾಕುವಿಗೆ ಒಂದೇ ಕಡೆ ಇಳಿಜಾರು. ಇನ್ನೊಂದು ಕಡೆ ಸ್ಲೇಟಿನಷ್ಟು ಸಪಾಟು. ಆ ಸಪಾಟು ಬದಿ ಕಡ್ಡಿಗೆ ಅಂಟಿಕೊಂಡು ಸಾಗಿದರೆ ಕೊಯ್ತ ನೆಟ್ಟಗೆ ಬರುತ್ತದೆ, ಚಿಗುರುವ ಕಣ್ಣು ಸಸಿಯ ಮೈಗೆ ಎಲ್ಲೂ ಸಂದಿಲ್ಲದೆ ಕೂರುತ್ತದೆ. ಎರಡೂ ಕಡೆ ಇಳಿಜಾರಾದರೆ ಚಾಕು ಒಳಗೆ ತೋಡುತ್ತದೆ, ಕೆಳಗೆ ಗಾಳಿ ಸೇರುತ್ತದೆ, ಕಣ್ಣು ಒಣಗುತ್ತದೆ. ಇದನ್ನೆಲ್ಲ ಅವಳು ದನಿ ಏರಿಸದೆ ಹೇಳಿದಳು.

"ಕಲ್ಲಿನ ಮೇಲೆ ಉಜ್ಜಿ ಸರಿ ಮಾಡಕ್ಕಾಗಲ್ವಾ?"

"ಆಗತ್ತೆ, ನಾಲ್ಕು ದಿನ ಬೇಕು. ತುದೀಲಿ ನೀಲಿಯಾಗಿದೆ ನೋಡಿ. ಬಿಸಿಗೆ ಉಕ್ಕಿನ ಹದಾನೇ ಹೋಗಿದೆ."

"ನರ್ಸರೀಲಿ ಇನ್ನೊಬ್ಬಳು ಕಟ್ತಾಳಲ್ಲ, ಅವಳದ್ದು ತಂದರೆ?"

"ಅವಳು ಎಡಚಿ. ಅವಳ ಚಾಕೂ ಎಡಚಿ. ಅದರ ಸಪಾಟು ಆ ಕಡೆ."

ಮರ ಬೀಳಿಸಿದ್ದೂ ನಾನೇ, ಅದನ್ನು ಉಳಿಸಬಹುದಾಗಿದ್ದ ಚಾಕು ಹಾಳು ಮಾಡಿದ್ದೂ ನಾನೇ ಎಂದು ಮೇಸ್ತ್ರಿ ಗೋಡೆ ನೋಡುತ್ತ ನಿಂತ. ಅಳು ಬರುವಂತಾಗಿತ್ತು. ಕಸಿಯಕ್ಕ ಅವನ ಮುಖ ನೋಡಿದಳು, ಒಣಗುತ್ತಿದ್ದ ಕಡ್ಡಿ ನೋಡಿದಳು. "ನಿಮ್ಮ ಅನಾಥಾಶ್ರಮ ತನ್ನಿ" ಎಂದಳು.

ಡಬ್ಬ ಬಂತು. ಒಂದೊಂದೇ ಚಾಕು ಎತ್ತಿ, ಅಲಗನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡಿ ಪಕ್ಕಕ್ಕಿಟ್ಟಳು. ಹದಿನಾಲ್ಕು ಅಂಗದ್ದಕ್ಕೆ "ಇದು ಬಾಗಿಲಿನ ಚಿಲಕ" ಎಂದಳು. ಕೊಂಬಿನ ಹಿಡಿಯದನ್ನು ತೆರೆಯಲೇ ಇಲ್ಲ, ತಮ್ಮ ಕೊಟ್ಟದ್ದೆಂಬ ಮುಲಾಜೂ ಇಲ್ಲದೆ ಅತ್ತ ತಳ್ಳಿದಳು. ಏಳೂ ಮುಗಿದವು. ಡಬ್ಬದ ತಳದಲ್ಲಿ ಹಳದಿ ಪ್ಲಾಸ್ಟಿಕ್ ಹಿಡಿಯ ಒಂದು ಪುಟ್ಟ ಚಾಕು ಉಳಿದಿತ್ತು. ಐದು ಕೇಜಿ ಗ್ರೀಸ್ ಡಬ್ಬದ ಜೊತೆ ಪುಕ್ಕಟೆ ಬಂದದ್ದು. ಮೇಸ್ತ್ರಿ ಅದನ್ನು ಚಾಕುಗಳ ಪೈಕಿ ಎಣಿಸಿಯೇ ಇರಲಿಲ್ಲ, ಉಗುರಿನ ಸಂದಿಯ ಕೊಳೆ ತೆಗೆಯಲು ಇಟ್ಟುಕೊಂಡಿದ್ದ.

"ಅದು ಬೇಡ ಕಣೇ, ತಗಡು."

ಅವಳು ಅದನ್ನೂ ಉಗುರಿಗೆ ಒತ್ತಿದಳು. ಅಲಗು ಚೂರೇ ಚೂರು ಬಾಗಿತು. "ತೆಳ್ಳಗಿದೆ. ಮೆತ್ತಗಿದೆ. ಬೇಗ ಹರಿತ ಬರತ್ತೆ."

"ಅಷ್ಟೇ ಬೇಗ ಹೋಗತ್ತೆ ಕೂಡ."

"ಹೋಗ್ಲಿ. ನನಗೆ ಒಂದು ಕಣ್ಣು ತೆಗೆಯೋವರೆಗೆ ಇದ್ರೆ ಸಾಕು. ಆಮೇಲೆ ಮಸೆಯಕ್ಕೆ ನೀವಿದೀರಲ್ಲ."

ಸರಿ, ಮೇಸ್ತ್ರಿಗೆ ಉಸಿರು ಬಂತು. ಅಲ್ಲಾಡುತ್ತಿದ್ದ ಕೀಲಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು ಬಿಗಿ ಮಾಡಿದ. ಹೆಂಡತಿ ತೋರಿಸಿದಂತೆ ಒಂದು ಬದಿಯನ್ನು ಒದ್ದೆ ಸಾಣೆಕಲ್ಲಿನ ಮೇಲೆ ಅಂಗಾತ ಮಲಗಿಸಿ ಉಜ್ಜಿದ, ಇನ್ನೊಂದು ಬದಿಗೆ ಇಳಿಜಾರು ಕೊಟ್ಟ. ಮುಕ್ಕಾಲು ಗಂಟೆ ಕತ್ತು ಎತ್ತಲಿಲ್ಲ. ಕೊನೆಗೆ ತನ್ನ ಬುದ್ಧಿಯನ್ನೂ ಸ್ವಲ್ಪ ಸೇರಿಸಿದ. ಸೊಂಟದ ಚರ್ಮದ ಬೆಲ್ಟ್ ಬಿಚ್ಚಿ, ಅದಕ್ಕೆ ಇಂಜಿನ್ ವಾಲ್ವ್ ಉಜ್ಜುವ ಸಣ್ಣ ಕಣದ ಪೇಸ್ಟ್ ಸವರಿ, ಅದರ ಮೇಲೆ ಅಲಗು ಎಳೆದ. ಮುಂಗೈಗೆ ತಾಗಿಸಿದರೆ ರೋಮ ಸದ್ದಿಲ್ಲದೆ ಉದುರಿತು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ಚಾಕು ನೋಡಿದ, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಪ್ಯಾಂಟು ಹಿಡಿದುಕೊಂಡ.

"ಮೊದಲು ಹಗ್ಗ ಕಟ್ಕೊಳ್ಳಿ" ಎಂದಳು ಕಸಿಯಕ್ಕ. ಮಧ್ಯಾಹ್ನದಿಂದ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ಇಬ್ಬರೂ ಮೆಟ್ಟಿಲಿನ ಮೇಲೆ ಅಕ್ಕಪಕ್ಕ ಕೂತರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದರೂ ಮೇಸ್ತ್ರಿ ಹೆಂಡತಿಯ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳು ಸಸಿಯ ತೊಗಟೆಯ ಮೇಲೆ ಅಡ್ಡ ಒಂದು ಗೀಟು, ಉದ್ದ ಒಂದು ಗೀಟು ಎಳೆದು, ಲಕೋಟೆ ಬಿಡಿಸಿದ ಹಾಗೆ ಬಿಡಿಸುತ್ತಿದ್ದಳು. ಕಡ್ಡಿಯನ್ನು ತನ್ನ ಕಡೆ ತಿರುಗಿಸಿ, ಕಣ್ಣಿನ ಕೆಳಗಿನಿಂದ ಅಲಗನ್ನು ತಡೆಯಿಲ್ಲದೆ ಒಂದೇ ಎಳೆತದಲ್ಲಿ ಎಳೆದರೆ, ತೆಳ್ಳಗಿನ ಸಿಪ್ಪೆಯ ಸಮೇತ ಕಣ್ಣು ಎದ್ದುಬರುತ್ತಿತ್ತು. ಅದನ್ನು ತೊಗಟೆಯೊಳಗೆ ಜಾರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಒಂದು ಮುಗಿಯಿತು. ಕೂಡಲೇ ಚಾಕು ಮೇಸ್ತ್ರಿಯ ಕೈಗೆ. ಅವನು ಬೆಲ್ಟಿನ ಮೇಲೆ ಆ ಕಡೆ ಹತ್ತು, ಈ ಕಡೆ ಹತ್ತು ಎಳೆದು ವಾಪಸು ಕೊಡಬೇಕು. ಪುಕ್ಕಟೆ ಚಾಕು ಹೇಳಿದ ಮಾತು ಕೇಳುತ್ತಿತ್ತು. ಅವಳ ಬೆರಳುಗಳಲ್ಲಿ ಎಲ್ಲೂ ಗಡಿಬಿಡಿಯಿರಲಿಲ್ಲ, ನಡುಕವಿರಲಿಲ್ಲ. ಬ್ರೇಕಿನ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದ ಮನುಷ್ಯನಿಗೆ, ತನಗಿಂತ ದೊಡ್ಡ ಕೈ ತನ್ನ ಮನೆಯಲ್ಲೇ ಇದೆ ಎನ್ನುವುದು ಆ ಮೆಟ್ಟಿಲಿನ ಮೇಲೆ ಗೊತ್ತಾಯಿತು. ಅವನಿಗೆ ಹೆಮ್ಮೆಯಾಯಿತು, ಇಷ್ಟು ತಡವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಒಂಬತ್ತೂ ಮುಗಿದವು.

ಫಲ ತಿಳಿಯಲು ಮೂರು ವಾರ ಬೇಕಿತ್ತು. ಕಸಿಯಕ್ಕ ತನ್ನ ಚಾಕುವನ್ನು ದಿನಕ್ಕಿಷ್ಟು ಎಂದು ಕಲ್ಲಿಗೆ ಉಜ್ಜುತ್ತ, ನರ್ಸರಿಗೆ ಹಳದಿ ಚಾಕುವನ್ನೇ ಒಯ್ದಳು. ಮೊದಲ ದಿನ ಅಲ್ಲಿಯವರು ಬಿದ್ದು ಬಿದ್ದು ನಕ್ಕರಂತೆ. ವಾರ ಕಳೆದ ಮೇಲೆ ಎಡಚಿ ಮೆಲ್ಲಗೆ ಬಂದು, ಆ ಗ್ರೀಸ್ ಇನ್ನೂ ಸಿಗುತ್ತದಾ ಎಂದು ಕೇಳಿದಳಂತೆ. ಮೇಸ್ತ್ರಿ ಮಾತ್ರ ಡಿಪೋದಲ್ಲಿ ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಕಣ್ಣು ಹಿಡಿಯದಿದ್ದರೆ ಆ ಮರ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ದಿನಾ ಬೆಳಿಗ್ಗೆ ಎದ್ದವನೇ ಹಿತ್ತಿಲಿಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಒಂಬತ್ತು ಸಸಿಗಳ ಮುಂದೆ ನಿಲ್ಲುತ್ತಿದ್ದ.

ಇಪ್ಪತ್ತೊಂದನೆಯ ದಿನ ಭಾನುವಾರ. ಕಸಿಯಕ್ಕ ಪಟ್ಟಿಗಳನ್ನು ಬಿಚ್ಚಿದಳು. ಪ್ರತಿ ಕಣ್ಣಿನ ಕೆಳಗೂ ಎಲೆಯ ಮೋಟು ತೊಟ್ಟು ಹಾಗೇ ಇತ್ತು.

"ಮುಟ್ಟಿ ನೋಡಿ. ತೊಟ್ಟು ತಾನಾಗಿ ಉದುರಿದ್ರೆ ಒಳಗೆ ಜೀವ ಕೂಡಿಕೊಂಡಿದೆ ಅಂತ. ಒಣಗಿ ಅಂಟಿಕೊಂಡಿದ್ರೆ ಸತ್ತಿದೆ ಅಂತ."

"ನೀನೇ ಮುಟ್ಟು. ನನ್ನ ಬೆರಳು ದಪ್ಪ."

"ನೀವು ಬೀಳಿಸಿದ ಮರ. ನೀವೇ ಮುಟ್ಟಿ."

ಮೇಸ್ತ್ರಿ ಉಸಿರು ಬಿಗಿ ಹಿಡಿದು ಮೊದಲನೆಯದನ್ನು ಮುಟ್ಟಿದ. ಮುಟ್ಟಿದನೋ ಇಲ್ಲವೋ, ತೊಟ್ಟು ಉದುರಿತು. ಕೆಳಗೆ ಕಣ್ಣು ಹಸಿರಾಗಿ, ಉಬ್ಬಿಕೊಂಡು ಕೂತಿತ್ತು. ಎರಡನೆಯದು ಉದುರಿತು. ಮೂರು, ನಾಲ್ಕು. ಐದನೆಯದು ಕದಲಲಿಲ್ಲ. ಕಪ್ಪಾಗಿ, ಕಟ್ಟಿಗೆಯಂತೆ ಅಂಟಿಕೊಂಡಿತ್ತು. ಅವನು ಗಾಬರಿಯಿಂದ ಮುಂದಿನದಕ್ಕೆ ಕೈ ಹಾಕಿದ. ಆರು, ಏಳು, ಎಂಟು, ಒಂಬತ್ತು, ಎಲ್ಲವೂ ಉದುರಿದವು. ಮೇಸ್ತ್ರಿ ಅಲ್ಲೇ ಮಣ್ಣಿನ ಮೇಲೆ ಕೂತು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಡಿಪೋಕ್ಕೆ ಒಂದಲ್ಲ, ಎಂಟು ಮರ.

ಸ್ವಲ್ಪ ಹೊತ್ತಾದ ಮೇಲೆ ಅವನ ಕಣ್ಣು ಮತ್ತೆ ಐದನೆಯ ಸಸಿಯ ಮೇಲೆ ಬಿತ್ತು. "ಇದೊಂದು ಯಾಕೆ ಹೋಯ್ತು? ಎಷ್ಟಂದ್ರೂ ಪುಕ್ಕಟೆ ಚಾಕು, ಕೈಕೊಡ್ತು ಅನ್ಸತ್ತೆ."

"ಚಾಕುಗೆ ಯಾಕೆ ಅಂತೀರಿ? ಆ ಸಲ ನೀವು ಮಸೆಯೋದು ಬಿಟ್ಟು ನನ್ನ ಕೈ ನೋಡ್ತಾ ಕೂತಿದ್ರಿ. ಹಾಗೇ ವಾಪಸ್ ಕೊಟ್ರಿ."

"ಅಯ್ಯೋ! ಆಗಲೇ ಹೇಳೋದಲ್ವಾ?"

ಕಸಿಯಕ್ಕ ಬಿಚ್ಚಿದ ಪಟ್ಟಿಗಳನ್ನು ಒಂದೊಂದಾಗಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು ಎದ್ದಳು.

"ನೋಡ್ಲಿ ಅಂತ ಸುಮ್ಮನಿದ್ದೆ" ಎಂದಳು.