ಪ್ಲೇಟಿನ ಕೊನೆಯ ಒಡಪು

ಉಡಚಪ್ಪ ತೀರಿಕೊಂಡು ವರ್ಷ ತುಂಬುವ ಮೊದಲೇ ಅವನ ಗ್ರಾಮಾಫೋನ್ ಪ್ಲೇಟು ಮತ್ತೆ ಬರುತ್ತದೆ ಎಂಬ ಸುದ್ದಿ ಬೆಟಗೇರಿಯ ಓಣಿಯಲ್ಲಿ ಹಬ್ಬಿತು. ಸುದ್ದಿ ತಂದವನು ಹುಬ್ಬಳ್ಳಿಯ ಕುಬೇರಪ್ಪ, ಪ್ಲೇಟು ಕಂಪನಿಯ ಏಜೆಂಟ. ಉಡಚಪ್ಪನ ಹೆಂಡತಿ ಸಾವಂತ್ರೆವ್ವ ಕೊಟ್ಟ ಚಹಾ ಹಿಡಿದು ಅವನು ಗೋಡೆಯ ಫೋಟೊ ನೋಡುತ್ತ ಕೂತ. ಫೋಟೊದಲ್ಲಿ ಉಡಚಪ್ಪ ಇಳಕಲ್ ಸೀರೆ ಉಟ್ಟು, ನತ್ತು ಇಟ್ಟು, ನಾಚಿ ನಿಂತಿದ್ದ. ನಾಟಕ ಕಂಪನಿಗಳಲ್ಲಿ ಹೆಣ್ಣುಪಾತ್ರಕ್ಕೆ ಅವನಂಥವನು ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಇನ್ನೊಬ್ಬನಿರಲಿಲ್ಲ.

“ಈಗ್ಯಾಕ್ರಿ ಆ ಹಳೇ ಹಾಡು?” ಎಂದಳು ಸಾವಂತ್ರೆವ್ವ.

“ಈಗ ಬೇಕವ್ವಾ. ನವೆಂಬರಕ್ಕ ನಾಡು ಒಂದಾಗತೈತಿ. ಕನ್ನಡದ್ದು ಏನರ ಮನ್ಯಾಗ ಇರಲಿ ಅಂತ ಮಂದಿಗೆ ಅನಸಾಕತ್ತೈತಿ. ಹೊಸಾ ಹಾಡಂದ್ರ ಹಾಡವ್ರು ಬೇಕು, ಪೆಟಿಗಿಯವ್ರು ಬೇಕು. ಹಳೇದಕ್ಕ ಹೊಸ ಚೀಟಿ ಅಂಟಿಸಿದ್ರ ಮುಗೀತು. ಮ್ಯಾಲ, ಸತ್ತವ್ರು ಎದ್ದು ಬಂದು ತಕರಾರ ಮಾಡಂಗಿಲ್ಲ.” ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ದನಿ ಇಳಿಸಿದ. “ಆದ್ರ ಕಂಪನ್ಯಾಗಿನ ಅಸಲು ಕೆಟ್ಟೈತಿ. ನಿಮ್ಮ ಕಡೆ ಇದ್ದ ಪ್ಲೇಟು ಕೊಟ್ರ ಅದರಿಂದ ಹೊಸಾವು ಇಳಸ್ತೀವಿ.”

ಸಾವಂತ್ರೆವ್ವ ಮಾತನ್ನು ಅಳೆದು ಆಡುವವಳು. ಆಡಿದ ಮಾತು ಯಾರ ಕಿವಿಗೆ ಬಿದ್ದು ಎಲ್ಲಿ ಮುಟ್ಟೀತೆಂದು ಯಾವಾಗಲೂ ಎಚ್ಚರ. ಆದರೆ ‘ಹೊಸ ಚೀಟಿ’ ಎಂದದ್ದು ಅವಳ ಎದೆಗೆ ತಾಗಿತು.

“ಕೊಡತೀನಿ. ಹೊಸ ಚೀಟ್ಯಾಗ ನನ್ನ ಹೆಸರು ಹಾಕ್ರಿ. ಆ ಹಾಡು ನಂದು.”

ಕುಬೇರಪ್ಪ ನಕ್ಕ. ಅವಳು ನಗಲಿಲ್ಲ. ಪ್ಲೇಟು ತೆಗೆದುಕೊಂಡು ಅವನನ್ನು ಪಕ್ಕದ ಓಣಿಯ ನಬಿಸಾಬನ ಗ್ರಾಮಾಫೋನ್ ಅಂಗಡಿಗೆ ಕರೆದೊಯ್ದಳು. ಹುಬ್ಬಳ್ಳಿಯಲ್ಲಿ ಹಾಡನ್ನು ಪ್ಲೇಟಿಗೆ ತುಂಬಿದ ದಿನ ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದವನು ಈ ನಬಿಸಾಬನೇ.

ಅಂದು ಉಡಚಪ್ಪನ ಗಂಟಲು ಕಟ್ಟಿತ್ತು. ಹಾಡು ತುಂಬಿಕೊಳ್ಳಲು ಬಂದಿದ್ದ ಕಂಪನಿಯ ಸಾಹೇಬ ಸಂಜೆಯ ರೈಲಿಗೆ ಹೊರಡುವವನಿದ್ದ. ತಾಲೀಮು ಕೇಳಿ ಕೇಳಿ ಹೆಂಡತಿಗೆ ಹಾಡು ಬಾಯಿಪಾಠವಾದದ್ದು ಉಡಚಪ್ಪನಿಗೆ ಗೊತ್ತಿತ್ತು. ಅವಳನ್ನು ಮುಂದೆ ನೂಕಿ, “ಸ್ವಲ್ಪ ಹೆಂಗಸರಂಗ ಹಾಡು, ಮಾನ ಕಳೀಬ್ಯಾಡ” ಎಂದು ಪಿಸುಗುಟ್ಟಿದ. ಅವಳು ಹಾಡಿದಳು. ಹಾಡಿನ ಕೊನೆಗೆ ಹಾಡಿದವರು ಹೆಸರು ಹೇಳುವುದು ಆಗಿನ ರೂಢಿ. ‘ನಾನು ಉಡಚಪ್ಪ’ ಎನ್ನಬೇಕೆಂದು ಮೊದಲೇ ಹೇಳಿಕೊಟ್ಟಿದ್ದ. ಗಂಡನ ಹೆಸರನ್ನು ಬರಿದೇ ಆಡಲು ಅವಳ ನಾಲಿಗೆ ಏಳಲಿಲ್ಲ. ಬೇಗ ಹೇಳೆಂದು ಸಾಹೇಬ ಬೆರಳೆತ್ತಿದ. ಬೆವರುತ್ತ, ಮದುವೆಯಲ್ಲಿ ಬಾಗಿಲು ತಡೆದವರ ಮುಂದೆ ಹೇಳಿದಂತೆ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಕಟ್ಟಿ ಹೇಳಿಬಿಟ್ಟಳು:

“ಡಂಬಳದ ಕೆರಿಯಾಗ ತುಂಬೇತಿ ನೀರ, ಉಡಚಪ್ಪನವರ ಹೆಸರ ಹೇಳತೀನಿ ಕೇಳ್ರಿ ಎಲ್ಲಾರ!”

ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಒಡಪಿನ ಸಮೇತ ಪ್ಲೇಟು ಹೊರಬಂತು. ಜನ ಬಿದ್ದು ಬಿದ್ದು ನಕ್ಕರು. ತನ್ನ ಹೆಸರಿಗೆ ತಾನೇ ಹೆಂಡತಿಯಾಗಿ ಒಡಪು ಹೇಳ್ಯಾನ, ಎಂಥಾ ಚ್ಯಾಷ್ಟಿ ಎಂದರು. ಉಡಚಪ್ಪ ಹೌದೆಂದು ಮೀಸೆ ಇಲ್ಲದ ತುಟಿ ಸವರಿಕೊಂಡ. ಅವನಿರುವವರೆಗೆ ಸಾವಂತ್ರೆವ್ವ ಬಾಯಿ ಬಿಡಲಿಲ್ಲ.

ಈಗ ಅಂಗಡಿಯಲ್ಲಿ ಪ್ಲೇಟು ಹಾಡಿ ಮುಗಿದು ನಬಿಸಾಬ ಸೂಜಿ ಎತ್ತಿದಾಗ ಅವಳೆಂದಳು, “ಗಂಡಸು ತನ್ನ ಹೆಸರಿಗೆ ತಾನ ಒಡಪು ಹೇಳತಾನೇನ್ರಿ?”

“ಖರೆ ಐತ್ರಿ ಕುಬೇರಪ್ಪನವರ. ಹಾಡಿದ್ದು ಅಕ್ಕ. ನಾ ಪೆಟಿಗಿ ಬಾರಿಸೀನಿ, ನನಗ ಗೊತ್ತಿಲ್ಲೇನು?” ಎಂದ ನಬಿಸಾಬ.

ಕುಬೇರಪ್ಪನ ನಗು ಇಂಗಿತು. ಕೊನೆಯ ಭಾಗವನ್ನು ಇನ್ನೊಮ್ಮೆ ಹಾಕಿಸಿ ಕಣ್ಣು ಮುಚ್ಚಿ ಕೇಳಿದ. “ಹೌದಲ್ಲವ್ವಾ” ಎಂದ. “ಹಾಕಸೋಣು, ನಿಮ್ಮ ಹೆಸರು.” ಅವನ ದನಿಯಲ್ಲಿ ಸಂಶಯವಿರಲಿಲ್ಲ. ಅಷ್ಟೇ ಸಾಕೆನಿಸಿ ಅವಳು ಪ್ಲೇಟನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ ಕೊಟ್ಟಳು.

ನಾಡು ಒಂದಾದ ದಿನ ಗದಗಿನ ಬಯಲಿನಲ್ಲಿ ಚಪ್ಪರ ಹಾಕಿದ್ದರು. ಸಾವಂತ್ರೆವ್ವನನ್ನು ವೇದಿಕೆಯ ಮೇಲೆ ಕೂಡ್ರಿಸಿ ‘ಉಡಚಪ್ಪನವರ ಧರ್ಮಪತ್ನಿ’ ಎಂದು ಶಾಲು ಹೊದಿಸಿದರು. ಹೊಸ ಪ್ಲೇಟು ಕೈಗೆ ಬಂತು. ಚೀಟಿಯ ತುಂಬ ಉಡಚಪ್ಪ ಒಬ್ಬನೇ. ಅವಳು ಬೆರಳಿನಿಂದ ಚೀಟಿಯನ್ನು ಒಮ್ಮೆ ಉಜ್ಜಿದಳು. ಇರಲಿ, ಒಡಪು ಇದೆ, ಕಿವಿ ಇದ್ದವರಿಗೆ ಎಂದಾದರೂ ತಿಳಿದೀತು ಎಂದುಕೊಂಡಳು.

ಧ್ವನಿವರ್ಧಕದಲ್ಲಿ ಅವಳ ಹರೆಯದ ದನಿ ಬಯಲು ತುಂಬಿತು. ಹಾಡು ಮುಗಿಯಿತು. ಪೆಟ್ಟಿಗೆಯ ಕೊನೆಯ ಸ್ವರ ನಿಂತಿತು. ಅವಳು ಉಸಿರು ಹಿಡಿದಳು. ಸೂಜಿ ಕರಕರ ಎಂದಿತು, ಮತ್ತೇನೂ ಬರಲಿಲ್ಲ.

“ಒಡಪು ಎಲ್ರಿ?” ಎಂದಳು.

ಕುಬೇರಪ್ಪ ಕಿವಿಯ ಹತ್ತಿರ ಬಗ್ಗಿದ. “ತಗಸೀವ್ರಿ. ನೀವ ತೋರಿಸಿದ್ದು ಚಲೋ ಆತು ನೋಡ್ರಿ, ಇಲ್ಲಾಂದ್ರ ನಾಳೆ ಇನ್ಯಾರಿಗರ ಗುಮಾನಿ ಬರತಿತ್ತು. ಮಂದಿ ಕೊಳ್ಳೂದು ಉಡಚಪ್ಪನ್ನ, ಅವ್ವಾ. ಅವರ ಮರ್ಯಾದಿ ಹೋದ್ರ ನಿಮ್ಮದು ಉಳೀತೈತೇನು?”

“ನನ್ನ ಪ್ಲೇಟು?”

“ಅದು ಇಳಸೂ ಮುಂದ ಸೀಳಿತ್ರಿ.”

ಸಾವಂತ್ರೆವ್ವ ಎದ್ದಳು. ಗಂಡ ಸತ್ತವಳು ಒಡಪು ಹೇಳಬಾರದು; ಅದು ಅವಳಿಗೂ ಗೊತ್ತಿತ್ತು. ಮೈಕಿನ ಮುಂದೆ ನಿಂತು, ಶಾಲು ಜಾರಿದ್ದನ್ನು ನೋಡದೆ, ‘ಡಂಬಳದ ಕೆರಿ’ಯಿಂದ ‘ಎಲ್ಲಾರ’ದವರೆಗೆ ಒಡಪನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಬಿಸಾಬ ತಲೆ ತಗ್ಗಿಸಿದ.

“ಭೇಷ್!” ಎಂದು ಡಂಬಳದ ಮುದುಕನೊಬ್ಬ ಚಪ್ಪಾಳೆ ತಟ್ಟಿದ. “ಹಳೇ ಪ್ಲೇಟಿನ್ಯಾಗಿನ ಮಾತು! ಥೇಟ್ ಉಡಚಪ್ಪನಂಗ ಅಂದ್ಲು ನೋಡ್ರಿ. ಇಷ್ಟು ವರ್ಷ ಬಾಳ್ವಿ ಮಾಡಿದ್ದಕ್ಕ ಅಷ್ಟರ ಕಲ್ತಾಳ.”

ಬಯಲೆಲ್ಲ ಚಪ್ಪಾಳೆ ಎದ್ದಿತು. ಅದು ಇಳಿಯುವ ಹೊತ್ತಿಗೆ ಮುದುಕ ಪಕ್ಕದವನಿಗೆ ಹೇಳುತ್ತಿದ್ದುದು ಮೈಕಿನ ತನಕ ಕೇಳಿಸಿತು.

“ಏನ ಅನ್ರಿ, ಹೆಣ್ಣದನಿ ಅಂದ್ರ ಅವಂದ. ಈಕೀಗೆ ಅದು ಬರಂಗಿಲ್ಲ.”