ಒಂಬತ್ತನೆಯ ತಲೆ

ನಾನು ಒಂದು ಟೋಪಿ. ಬಿಸಿಲಿಗೂ ಆಗದ, ಚಳಿಗೂ ಬಾರದ ಟೋಪಿ. ದೂರದ ಕಾರ್ಖಾನೆಯೊಂದರಲ್ಲಿ ನನ್ನ ಹಿಗ್ಗುವ ಬಟ್ಟೆಗೆ ಮೂವತ್ತೆರಡು ಲೋಹದ ಬಿಲ್ಲೆಗಳನ್ನು ಕೂರಿಸಿ, ಒಂದೊಂದಕ್ಕೂ ತಂತಿ ಜೋಡಿಸಿದರು. ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನು ಹಿಡಿದು ಕಂಪ್ಯೂಟರಿಗೆ ಮುಟ್ಟಿಸುವುದು ನನ್ನ ಕೆಲಸ. ಟೋಪಿ ಹಾಕುವುದೆಂದರೆ ಜನ ಮೋಸ ಎನ್ನುತ್ತಾರೆ. ನಾನು ಮಾತ್ರ ಸತ್ಯದ ಟೋಪಿ ಎಂದು ಬೀಗುತ್ತಿದ್ದೆ.

ಒಂದು ವಿಶ್ವವಿದ್ಯಾಲಯ ನನ್ನನ್ನು ಕೊಂಡಿತು. ಎರಡು ವರ್ಷ ವಿದ್ಯಾರ್ಥಿಗಳ ತಲೆಯೇರಿ ಅವರ ತೂಕಡಿಕೆ ಅಳೆದೆ. ಆಮೇಲೆ ಡಾಕ್ಟರ್ ಮುಕುಂದರ ಕೈ ಸೇರಿದೆ. ಭ್ರಮೆ ತರಿಸುವ ಅಣಬೆಯ ಸತ್ವ ಖಿನ್ನತೆಗೆ ಮದ್ದಾದೀತೇ ಎಂದು ಅವರು ಅನುಮತಿ ಪಡೆದು ಪರೀಕ್ಷಿಸುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಅಲೆಗಳು ಗೆರೆಗಳಾಗಿ ಮೂಡುವ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಆ ಪರೀಕ್ಷೆಗೆ ಒಂಬತ್ತನೆಯವರಾಗಿ ಬಂದವರು ನಂಜನಗೂಡಿನ ಕಮಲಾಕ್ಷಿ, ರವಿಕೆ ಹೊಲಿಯುವವರು. ಗಂಡ ತೀರಿದ ಮೇಲೆ ಆರು ವರ್ಷದಿಂದ ಮಂಕು ಕವಿದಿತ್ತು. ಯಾವ ಮಾತ್ರೆಯೂ ನಾಟದೆ, ಇದೊಂದೇ ಆಸೆಯಾಗಿ ಉಳಿದಿತ್ತು. ಎಣ್ಣೆಯಿದ್ದರೆ ನನಗೆ ಅಲೆ ಸರಿಯಾಗಿ ಸಿಗದು. ತಲೆಗೆ ಹಚ್ಚಬೇಡಿ ಎಂದು ಮುಕುಂದರು ಮೊದಲೇ ಹೇಳಿದ್ದರು. ಆದರೂ ಕೂದಲು ಕೊಬ್ಬರಿ ಎಣ್ಣೆಯಲ್ಲಿ ಮಿಂಚುತ್ತಿತ್ತು.

"ಅಕ್ಕ ಬಿಡ್ಲೇ ಇಲ್ಲ ಸಾರ್. ತಲೆಗೆ ಔಷ್ದಿ ಕೊಡ್ತಾರಂತೆ, ತಂಪಾಗಿರ್ಲಿ ಅಂತ ಬೆಳಿಗ್ಗೆನೇ ತಟ್ಟಿಬಿಟ್ಳು."

ಮುಕುಂದರು ನಕ್ಕು, ಎರಡು ಸಲ ಶಾಂಪೂ ಹಾಕಿಸಿದರು. ಹೆದರಿಕೆಯಾದರೆ ಕರೆಯಿರಿ, ಕೈ ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟು, ಔಷಧಿ ಕುಡಿಸಿ, ನನ್ನನ್ನು ತಲೆಗೆ ತೊಡಿಸಿದರು.

ಒಂದು ಗಂಟೆಯಲ್ಲಿ ಪರದೆಯ ಗೆರೆಗಳು ಹುಚ್ಚೆದ್ದು ಕುಣಿದವು.

"ಥತ್, ಇನ್ನೂ ಎಣ್ಣೆ ಹೋಗಿಲ್ಲ ನೋಡಿ," ಎಂದು ಗೊಣಗುತ್ತಾ ಮುಕುಂದರು ನನ್ನನ್ನು ಒತ್ತಿ ಕೂರಿಸಿ, ಮತ್ತೆ ಪರದೆಗೇ ತಿರುಗಿದರು.

ಅದು ಎಣ್ಣೆಯಲ್ಲ. ಆಕೆ ಹಲ್ಲು ಕಚ್ಚಿ ಹಿಡಿದಿದ್ದರು. ದವಡೆ ಬಿಗಿದರೂ ನನ್ನ ಗೆರೆ ಕೆಡುತ್ತದೆ. ಏನು ಕಂಡು ಹೆದರಿದರೋ, ಕಣ್ಣೀರು ಇಳಿದು ನನ್ನ ಗಲ್ಲದ ಪಟ್ಟಿ ನೆನೆಯಿತು. ಗೊಣಗಾಟ ಕೇಳಿ ಇನ್ನಷ್ಟು ಮುದುಡಿದರು. ಎಣ್ಣೆಯ ತಪ್ಪು ತನ್ನದೇ ಆದ ಮೇಲೆ ಯಾವ ಮುಖವಿಟ್ಟು ಕರೆಯುವುದು? ಎರಡು ಗಂಟೆ ಹಾಗೇ ಕಳೆದರು. ನನಗೆ ತಂತಿಗಳಿದ್ದವು, ಬಾಯಿರಲಿಲ್ಲ. ಅಂದಿನಷ್ಟು ಸಂಕಟ ನಾನು ಎಂದೂ ಪಟ್ಟಿಲ್ಲ.

ಸಂಜೆ ಮುಕುಂದರು ಕೇಳಿದರು, "ಹೇಗಿತ್ತಮ್ಮ?"

"ಚೆನ್ನಾಗಿತ್ತು ಸಾರ್. ನನ್ನಿಂದ್ಲೇ ನಿಮ್ಗೆ ತೊಂದ್ರೆ ಆಯ್ತು."

ಮುಕುಂದರು ಅದನ್ನೇ ಬರೆದುಕೊಂಡರು: ಚೆನ್ನಾಗಿತ್ತು. ಎರಡನೆಯ ಸಲದ ಔಷಧಿಗೆ ಆಕೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಈಗ ನನ್ನ ಬಟ್ಟೆ ಸಡಿಲವಾಗಿದೆ, ಬಿಲ್ಲೆಗಳು ಕಿಲುಬು ಹಿಡಿದಿವೆ. ಪಾಠದ ಕೋಣೆಯ ಗಾಜಿನ ಬೀರುವಿನಲ್ಲಿದ್ದೇನೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ, ಕೆಟ್ಟ ದಾಖಲೆ ಹೇಗಿರುತ್ತದೆ ಎಂದು ಮುಕುಂದರು ಆ ದಿನದ ಗೆರೆಗಳನ್ನೇ ಗೋಡೆಯ ಮೇಲೆ ತೋರಿಸುತ್ತಾರೆ. ಎಣ್ಣೆಯ ಕಥೆ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ತಾವು ನಗುತ್ತಿರುವುದು ಒಬ್ಬ ಹೆಂಗಸಿನ ಭಯವನ್ನು ನೋಡಿ ಎಂದು ಅವರಿಗೆ ಗೊತ್ತಿಲ್ಲ.