ನಲವತ್ತು ಸೆಕೆಂಡಿನ ವಿಡಿಯೋ

ಬೆಟ್ಟದ ಮೇಲಿನ ರೈಟ್‌ವುಡ್ ಊರಿಗೆ ಹತ್ತುವ ದಾರಿಯಲ್ಲಿ ದ್ರಾಕ್ಷಾಯಣಿ ಬಿದ್ದಾಗ ಬೆಳಿಗ್ಗೆ ಹತ್ತೂವರೆ. ಪೈನ್ ಮರಗಳ ನೆರಳಿನ ತಿರುವಿನಲ್ಲಿ ರಸ್ತೆ ಬರೀ ಒದ್ದೆಯಾಗಿದೆ ಎಂದುಕೊಂಡಿದ್ದಳು. ಅದು ಮಂಜುಗಡ್ಡೆ. ಮುಂದಿನ ಚಕ್ರ ಜಾರಿತು, ಬೈಕು ಅವಳ ಎಡಗಾಲಿನ ಮೇಲೆ ಮಲಗಿತು.

ಹಿಂದೆ ಬರುತ್ತಿದ್ದ ಗಿರಿಧರ್ ಗಾಡಿ ನಿಲ್ಲಿಸಿದ. ಸ್ಯಾಂಟಾ ಕ್ಲಾರಿಟಾದ ಈ ಟೆಲಿಕಾಂ ಎಂಜಿನಿಯರ್ ಕನ್ನಡಿಗರ ಬೈಕ್ ಗುಂಪು ಕಟ್ಟಿದವನು. ಪ್ರತಿ ಚಳಿಗಾಲ ಹಿಮ ಬಿದ್ದ ಕೂಡಲೇ ಯಾರನ್ನಾದರೂ ಬೆಟ್ಟಕ್ಕೆ ಹೊರಡಿಸುತ್ತಿದ್ದ.

"ಕಾಲು ಸಿಕ್ಕೊಂಡೈತ್ರಿ. ಗಾಡಿ ಎತ್ರಿ ಬೇಗ!"

"ಬಂದೆ, ಬಂದೆ. ಒಂದ್ನಿಮಿಷ ಅಲ್ಲಾಡ್ಬೇಡಿ, ಆಂಗಲ್ ಸಖತ್ತಾಗಿದೆ."

ತಮಾಷೆ ಎಂದುಕೊಂಡಳು. ಅವನು ಫೋನ್ ಹಿಡಿದು ಅವಳ ಸುತ್ತ ಒಂದು ಅರ್ಧವೃತ್ತ ನಡೆದ. ಕೆಸರು ಬೆರೆತ ಹಿಮಕ್ಕೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಆ ಕೊಳಕು ನೀರು ಪ್ಯಾಂಟಿನೊಳಗೆ ಇಳಿದು ತೊಡೆಗೆ ಅಂಟುತ್ತಿತ್ತು. ಕೊನೆಗೆ ಕೆಳಗಿಳಿಯುತ್ತಿದ್ದ ಪಿಕಪ್‌ನಿಂದ ಅಪರಿಚಿತ ಹೆಂಗಸೊಬ್ಬಳು ಓಡಿಬಂದು ಬೈಕಿನ ಹ್ಯಾಂಡಲ್‌ಗೆ ಕೈ ಹಾಕಿದಳು. ಆಗ ಗಿರಿಧರ್ ಫೋನ್ ಜೇಬಿಗಿಳಿಸಿ, "ಕೇರ್‌ಫುಲ್, ಕೇರ್‌ಫುಲ್" ಎನ್ನುತ್ತ ಹಿಂದಿನಿಂದ ಒಂದು ಕೈ ಕೊಟ್ಟ.

ಮೂಳೆ ಮುರಿದಿರಲಿಲ್ಲ. ಕಣಕಾಲು ಊದಿತ್ತು, ಅಷ್ಟೇ. ಮೇಲಿನ ಹೋಟೆಲಿನಲ್ಲಿ ಗಿರಿಧರ್ ಚೀಸ್ ಸುರಿದ ಆಲೂಗಡ್ಡೆ ತಿನ್ನುತ್ತ, ಎಣ್ಣೆಗೈಯಲ್ಲೇ ವಿಡಿಯೋ ತೋರಿಸಿದ. ನಲವತ್ತು ಸೆಕೆಂಡು ಇತ್ತು.

"ಯೂನುಸ್ ಬಿದ್ದಿದ್ದಕ್ಕಿಂತ ಇದು ಸೂಪರ್. ಅವನು ಬರೀ ಕಿರುಚ್ತಿದ್ದ."

ಅವನ ಗಡ್ಡದಲ್ಲಿ ಚೀಸಿನ ಎಳೆ ನೇತಾಡುತ್ತಿತ್ತು. ದ್ರಾಕ್ಷಾಯಣಿ ಫೋನನ್ನು ಆಚೆ ಸರಿಸಿದಳು. ಹಿಂದಿನ ಚಳಿಗಾಲ ಅದೇ ಗುಂಪಿನ, ಸ್ಯಾನ್ ಡಿಯೇಗೊದ ಯೂನುಸ್ ಮೌಂಟ್ ಲಗೂನದ ಹಿಮದಲ್ಲಿ ಬಿದ್ದು ಭುಜ ಮುರಿದುಕೊಂಡಿದ್ದ. ಗಿರಿಧರ್ ಗುಂಪಿನ ಚಾಟ್‌ಗೆ ಹಾಕಿದ್ದ ಆ ವಿಡಿಯೋವನ್ನು ಅವಳು ಸ್ಯಾನ್ ಪೀಡ್ರೊ ಬಂದರಿನ ತನ್ನ ಆಫೀಸಿನಲ್ಲಿ ಊಟ ಮಾಡುತ್ತ ಮೂರು ಸಲ ನೋಡಿದ್ದಳು. ಕೆಳಗೆ ನಗುವ ಮುಖಗಳ ಸಾಲನ್ನೇ ಹಾಕಿದ್ದಳು. ಅದನ್ನು ತೆಗೆಯುತ್ತ ಒಬ್ಬ ಸುಮ್ಮನೆ ನಿಂತಿದ್ದನಲ್ಲ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಡಿಲೀಟ್ ಮಾಡ್ರಿ."

"ಅಯ್ಯೋ, ಸ್ವಲ್ಪ ಸ್ಪೋರ್ಟಿವ್ ಆಗಿರಿ ಮೇಡಂ. ಮುಖ ಬ್ಲರ್ ಮಾಡ್ತೀನಿ."

"ನನ್ನ ಮುಖ ಬಿಡ್ರಿ. ನಿಮ್ಮ ಮುಖ ನೋಡಾಕ ಆಗವಲ್ದು ನಂಗ."

ಎದ್ದು ಹೊರಬಂದಳು. ಎಡಪಾದದಿಂದ ಗೇರ್ ಬದಲಿಸಲಾಗದೆ, ಬೆಟ್ಟವಿಡೀ ಎರಡನೇ ಗೇರಿನಲ್ಲೇ ಇಳಿದಳು. ನೆರಳಿರುವ ತಿರುವು ಬಂದಾಗಲೆಲ್ಲ ಉಸಿರು ಬಿಗಿಹಿಡಿದಳು. ತಪ್ಪಲಿನ ಪೆಟ್ರೋಲ್ ಬಂಕಿನಲ್ಲಿ ನಿಂತು ಯೂನುಸ್‌ಗೆ ಫೋನ್ ಮಾಡಿದಳು.

"ನಾನ್ರೀ, ದ್ರಾಕ್ಷಾಯಣಿ. ನಿಮ್ಮ ಭುಜ ಹೆಂಗೈತಿ?"

"ಒಂದು ವರ್ಷ ಆಯ್ತು ಮೇಡಂ. ಈಗ ಕೇಳ್ತಿದ್ದೀರಾ?"

"ಹೌದ್ರಿ. ಆವಾಗ ನಾನೂ ನಕ್ಕಿದ್ದೆ."

"ಗೊತ್ತು. ನನ್ ಹೆಂಡ್ತಿ ಸಾಜಿದಾ ವಿಡಿಯೋ ಕೆಳಗಿನ ಕಾಮೆಂಟ್ ಒಂದೊಂದೂ ಓದಿದ್ಲು." ಮತ್ತೆ ಕೇಳಿದ, "ಇವತ್ತು ಬಿದ್ದಿದ್ಯಾರು?"

"ನಾ."

ಅವನು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಗಾಡಿ ಅಲ್ಲೇ ಬಿಡಿ. ಟ್ಯಾಕ್ಸಿ ಹಿಡಿದು ಡಾಕ್ಟರ್ ಹತ್ರ ಹೋಗಿ" ಎಂದು ಫೋನ್ ಇಟ್ಟ.

ಅವಳು ಹಾಗೆಯೇ ಮಾಡಿದಳು. ಟ್ಯಾಕ್ಸಿಯಲ್ಲಿ ಕೂತು, ನಡೆದದ್ದನ್ನೆಲ್ಲ ಗುಂಪಿಗೆ ಬರೆದಳು. ಬರೆಯುವಾಗ ಗಿರಿಧರನಿಂದ ಶುರುಮಾಡಲಿಲ್ಲ, ಯೂನುಸ್ ಬಿದ್ದಾಗ ತಾನು ನಕ್ಕಿದ್ದರಿಂದಲೇ ಶುರುಮಾಡಿದಳು.